ಸಿಂಹಾಸನದ ಹೊಣೆ, ತೋಟಿಯ ಹೊಣೆ

ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಆಗ ಮೈಸೂರಿನ ದೊರೆ ಎಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು. ಸಿಂಹಾಸನ ಅವರದಾಗಿತ್ತು, ಆಡಳಿತ ಮಾತ್ರ ಅವರ ಕೈಯಲ್ಲಿರಲಿಲ್ಲ. ಬೆಂಗಳೂರಿನಲ್ಲಿ ಕೂತ ಬ್ರಿಟಿಷ್ ಕಮಿಷನರು ರಾಜ್ಯ ನಡೆಸುತ್ತಿದ್ದರು. ಅದೇ ಚರ್ಚಿನೊಳಕ್ಕೆ ಮಳೆಗಾಲದ ನೀರು ಬಂದು ನಿಲ್ಲತೊಡಗಿದ್ದು ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ. ಆ ಹೊತ್ತಿಗೆ ದೊರೆತನ ಹೋಗಿ ಮೂರು ದಶಕ ದಾಟಿತ್ತು. ಊರು ಬಿಡಿಸಿದ್ದು ಜನರೇ ಆರಿಸಿದ ಸರ್ಕಾರ.

ಹೀಗೆ ಹಾಸನ ಸೀಮೆ ಎರಡು ಬಗೆಯ ಆಳ್ವಿಕೆಯನ್ನೂ ಉಂಡಿದೆ. ಹೊಯ್ಸಳರ ರಾಜಧಾನಿ ಇದ್ದದ್ದು ಇಲ್ಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ನಾಯಕರು ಆಳಿದರು, ಆಮೇಲೆ ಮೈಸೂರಿನ ಒಡೆಯರು ಬಂದರು. ಈಗ ಇಲ್ಲಿ ರಾಜನಿಲ್ಲ. ಆದರೂ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಬಂದರೆ ಹಳ್ಳಿಯ ಹಿರಿಯರು ಇಂದಿಗೂ ‘ಮಹಾಸ್ವಾಮಿಗಳು’ ಎಂದೇ ಹೇಳುತ್ತಾರೆ. ಸಂವಿಧಾನ ಎಲ್ಲರನ್ನೂ ಸಮಾನರೆಂದು ಸಾರಿ ಏಳು ದಶಕ ಕಳೆದರೂ ಹುಟ್ಟಿನಿಂದ ಬಂದ ಪದವಿಗೆ ಜನ ಯಾಕೆ ಕೈಮುಗಿಯುತ್ತಾರೆ? ಅದು ಅಭ್ಯಾಸವೋ ಅಭಿಮಾನವೋ? ದೀರ್ಘಕಾಲ ಆಳಿದವನಿಗೆ ಮರ್ಯಾದೆ ತಾನಾಗಿಯೇ ಬರುತ್ತದೆಯೋ? ವಂಶದಿಂದ ಬಂದ ಹೊಣೆ ನಿಜಕ್ಕೂ ಹೊಣೆಯೋ, ಸವಲತ್ತಿನ ಇನ್ನೊಂದು ಹೆಸರೋ? ಈ ಪ್ರಶ್ನೆಗಳನ್ನು ನಮ್ಮ ಸೀಮೆಯ ಶಾಸನ, ಚಳವಳಿ, ಅಣೆಕಟ್ಟು, ಹಳ್ಳಿಯ ಚಾಕರಿ, ಚುನಾವಣೆ, ಹಬ್ಬಗಳ ಮೂಲಕ ಒಮ್ಮೆ ಸಮಗ್ರವಾಗಿ ನೋಡಬೇಕು. ಹಾಗೆ ನೋಡಿದಾಗ ನನಗೆ ತೋರುವುದು ಇಷ್ಟು: ಜನ ಮರ್ಯಾದೆ ಕೊಟ್ಟದ್ದು ಬಿಡಬಹುದಾಗಿದ್ದೂ ಹೊತ್ತ ಹೊಣೆಗೆ. ಬಿಡಲಾಗದಂತೆ ಹೊರಿಸಿದ ಹೊಣೆಗೆ ನಾವು ಬೇರೆ ಹೆಸರನ್ನೇ ಕೊಡಬೇಕು.

ವರ್ಷಗಳ ಲೆಕ್ಕ, ಮರ್ಯಾದೆಯ ಲೆಕ್ಕ

ಕನ್ನಡ ನಾಡು ದೀರ್ಘ ಆಳ್ವಿಕೆಗಳನ್ನು ಕಂಡ ನಾಡು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ 814ರಿಂದ 878ರವರೆಗೆ ಆಳಿದ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಿಂದ ಐವತ್ತು ವರ್ಷ ಆಳಿದ. ಹೊಯ್ಸಳ ಇಮ್ಮಡಿ ವೀರಬಲ್ಲಾಳ 1173ರಿಂದ 1220ರವರೆಗೆ, ಮುಮ್ಮಡಿ ಬಲ್ಲಾಳ 1292ರಿಂದ 1343ರವರೆಗೆ ಪಟ್ಟದಲ್ಲಿದ್ದರು. ಇವರೆಲ್ಲರನ್ನೂ ಮೀರಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜರು. 1799ರ ಜೂನ್ 30ರಂದು ಐದರ ಆಸುಪಾಸಿನ ಬಾಲಕನಾಗಿ ಪಟ್ಟವೇರಿದ ಅವರು 1868ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೆ ಸುಮಾರು 69 ವರ್ಷ ದೊರೆ ಎನಿಸಿಕೊಂಡರು. ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯ ಎಪ್ಪತ್ತು ವರ್ಷಕ್ಕೆ ಇದು ತುಸುವೇ ಕಡಿಮೆ.

ಆದರೆ ಜನರ ನೆನಪಿನಲ್ಲಿ ಆ 69 ವರ್ಷಕ್ಕಿಂತ ನಾಲ್ವಡಿಯವರ 38 ವರ್ಷವೇ ದೊಡ್ಡದು. ಅದಕ್ಕೆ ಕಾರಣವಿದೆ. ಮುಮ್ಮಡಿಯವರ ಮೊದಲ ವರ್ಷಗಳಲ್ಲಿ ಆಡಳಿತ ದಿವಾನ್ ಪೂರ್ಣಯ್ಯನವರದು. 1811ರ ನಂತರ ಅಧಿಕಾರ ದೊರೆಯ ಕೈಗೆ ಬಂತು. ಆ ಕಾಲದಲ್ಲಿ ‘ಶರತ್ತು’ ಪದ್ಧತಿ ಬಂತು. ಇಷ್ಟು ಕಂದಾಯ ಕಟ್ಟಿಯೇ ಕಟ್ಟುತ್ತೇನೆ ಎಂದು ಒಪ್ಪಿಕೊಂಡ ಅಮಲ್ದಾರ ರೈತನ ಮೇಲೆ ಬಿದ್ದ. ನಗರ ಸೀಮೆಯ ರೈತರು ಊರೂರುಗಳಲ್ಲಿ ‘ಕೂಟ’ ಸೇರಿ ಕಂದಾಯ ಕೊಡುವುದಿಲ್ಲ ಎಂದರು. 1830–31ರ ಆ ದಂಗೆಯನ್ನೇ ಮುಂದೆ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡ. ಆಮೇಲಿನ ಮೂವತ್ತಾರು ವರ್ಷ ದೊರೆ ವಿದ್ವಾಂಸರಿಗೆ, ಚಿತ್ರಕಾರರಿಗೆ, ಸಂಗೀತಗಾರರಿಗೆ ಆಶ್ರಯ ಕೊಟ್ಟರು. ‘ಶ್ರೀತತ್ತ್ವನಿಧಿ’ಯಂಥ ಗ್ರಂಥ ಆ ಅರಮನೆಯಿಂದಲೇ ಬಂತು. ರಾಜ್ಯ ವಾಪಸು ಕೊಡಿ ಎಂದು ಕೇಳುವುದನ್ನೂ ಅವರು ಬಿಡಲಿಲ್ಲ. ಅವರು ತೀರಿಕೊಂಡ ಮೇಲೆ, 1881ರಲ್ಲಿ, ಅವರ ದತ್ತುಪುತ್ರ ಚಾಮರಾಜೇಂದ್ರರಿಗೆ ರಾಜ್ಯ ಮರಳಿತು. ಮುಮ್ಮಡಿಯವರ ಬಗ್ಗೆ ಜನರಿಗೆ ಕನಿಕರ ಉಂಟು, ಕಲಾಪೋಷಕ ಎಂಬ ಗೌರವವೂ ಉಂಟು. ಆದರೆ ರೈತ ಕಷ್ಟದಲ್ಲಿದ್ದಾಗ ಕೇಳಲಿಲ್ಲ ಎಂಬ ಮಾತನ್ನು 69 ವರ್ಷದ ಪಟ್ಟವೂ ಅಳಿಸಲಿಲ್ಲ.

ತಂದೆ ಚಾಮರಾಜೇಂದ್ರರು ತೀರಿಕೊಂಡಾಗ ನಾಲ್ವಡಿಯವರಿಗೆ ಹತ್ತು ವರ್ಷ. 1895ರಲ್ಲಿ ಪಟ್ಟವಾಯಿತು, ತಾಯಿ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಏಳು ವರ್ಷ ರಾಜಪ್ರತಿನಿಧಿಯಾಗಿ ಆಳಿದರು. 1902ರ ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡ ದೊರೆ 1940ರ ಆಗಸ್ಟ್ 3ರಂದು ತೀರಿಕೊಳ್ಳುವವರೆಗೆ ರಾಜ್ಯದ ಮುಖವೇ ಬದಲಾಯಿತು. ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತು, ಭದ್ರಾವತಿಯ ಕಬ್ಬಿಣ ಕಾರ್ಖಾನೆ ಎಲ್ಲ ಆ ಕಾಲದವು. ಹೊಳೆನರಸೀಪುರ, ಹಾಸನದ ಮೂಲಕ ಮೈಸೂರು–ಅರಸೀಕೆರೆ ರೈಲು ಹಾದಿ ಬಂದದ್ದೂ ಆಗಲೇ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗಬೇಕೆಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದು ಅರಮನೆಯ ಸುತ್ತ ಇದ್ದ ಪ್ರಬಲರಿಗೆ ಹಿಡಿಸದ ಕೆಲಸ. ದಿವಾನ್ ವಿಶ್ವೇಶ್ವರಯ್ಯನವರೇ ಅದನ್ನು ಒಪ್ಪದೆ ಪದವಿ ಬಿಟ್ಟರು. ಗಾಂಧೀಜಿ ಈ ದೊರೆಯನ್ನು ‘ರಾಜರ್ಷಿ’ ಎಂದರು. ಅದೇ ಕಾಲದಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲೇ ಮೀಸಲಾತಿ ತಂದಿದ್ದರು. ಈ ಇಬ್ಬರನ್ನೂ ದಲಿತ, ಹಿಂದುಳಿದ ಸಮುದಾಯಗಳು ಇಂದಿಗೂ ನೆನೆಯುವುದು ಸಿಂಹಾಸನದ ಮೇಲಿದ್ದರು ಎಂಬ ಕಾರಣಕ್ಕಲ್ಲ. ಅಲ್ಲಿ ಕೂತು ತಮ್ಮ ಸುತ್ತಲಿನವರನ್ನು ಎದುರು ಹಾಕಿಕೊಂಡರು ಎಂಬ ಕಾರಣಕ್ಕೆ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 72 ವರ್ಷ ಆಳಿ, ಯುದ್ಧ ತೆರಿಗೆಗಳಿಂದ ಬೇಸತ್ತ ಪ್ರಜೆಗಳನ್ನು ಬಿಟ್ಟುಹೋದ. ವರ್ಷಗಳ ಉದ್ದ ತಾನಾಗಿ ಏನನ್ನೂ ಗಳಿಸಿಕೊಡುವುದಿಲ್ಲ. ಅದು ದೊರೆಯ ಕೆಲಸವನ್ನು ತೂಗಲು ಜನರಿಗೆ ಹೆಚ್ಚು ಸಮಯ ಕೊಡುತ್ತದೆ, ಅಷ್ಟೆ.

ಋಣಕ್ಕೆ ತಲೆ ಕೊಟ್ಟವರು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿ ಒಂದು ಕಂಬ ನಿಂತಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ದೊರೆ ಸತ್ತಾಗ ತಾನೂ ಬದುಕಿರಬಾರದೆಂದು ಪ್ರಾಣ ಬಿಟ್ಟ. ಹೆಂಡತಿ ಸುಗ್ಗಲದೇವಿಯೂ ಅವನ ಸಂಗಡಿಗರೂ ಜೊತೆ ಹೋದರು. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರ ಶಿಲ್ಪಗಳು ಆ ಕಂಬದ ಸುತ್ತ ಇವೆ. ಇಂಥವರನ್ನು ಗರುಡರು ಎನ್ನುತ್ತಿದ್ದರು. ಚನ್ನರಾಯಪಟ್ಟಣದ ನೆರೆಯ ಕೆ.ಆರ್.ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡ ಕಂಬಗಳು ಇನ್ನೂ ಹೆಚ್ಚು ಹೇಳುತ್ತವೆ. ಅಲ್ಲಿನ 1257ರ ಶಾಸನದಲ್ಲಿ ಒಂದೇ ಮನೆತನದ ನಾಯಕರು ಪೀಳಿಗೆಯ ಮೇಲೆ ಪೀಳಿಗೆ ಹೊಯ್ಸಳ ದೊರೆಗಳೊಂದಿಗೆ ಸತ್ತ ವಿವರವಿದೆ. ದೊರೆಯ ಮಗ ದೊರೆಯಾದ, ಗರುಡನ ಮಗ ಗರುಡನಾದ.

ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂದು ನಮ್ಮ ಶಾಸನಗಳು ಕರೆದ ಈ ಋಣದ ಬದುಕನ್ನು ಸಾಮಾನ್ಯವಾಗಿ ಸ್ವಾಮಿಭಕ್ತಿಯ ಪರಾಕಾಷ್ಠೆ ಎಂದು ಕೊಂಡಾಡುತ್ತಾರೆ. ಆ ವೀರರ ಧೈರ್ಯಕ್ಕೆ ತಲೆಬಾಗದೆ ಇರಲಾಗದು. ಆದರೆ ಕಂಬದ ಮುಂದೆ ನಿಂತವರು ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಗರುಡನ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ನಾನು ಒಲ್ಲೆ ಎನ್ನುವ ಅವಕಾಶ ಇತ್ತೇ? ಅವನ ಹೆಂಡತಿಗೆ, ಊಳಿಗದವರಿಗೆ ಇತ್ತೇ? ಬಾಚಹಳ್ಳಿಯ ಶಾಸನ ಜೊತೆಗೆ ಸತ್ತ ಹೆಂಗಸರ ಲೆಕ್ಕವನ್ನೂ ಇಟ್ಟಿದೆ. ಉಪ್ಪಿನ ಋಣವನ್ನು ಉಂಡವನು ತೀರಿಸಬಹುದು. ಹುಟ್ಟುವ ಮೊದಲೇ ಹೊರಿಸಿದ ಋಣಕ್ಕೆ ಧರ್ಮದ ಹೆಸರು ಕೊಡುವುದು ತಪ್ಪು.

ದೊರೆಯೂ ಪ್ರಜೆಗಾಗಿ ಕೊಡಬೇಕು ಎಂಬ ಕಲ್ಪನೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ನಾಡಿಗೆ ಬಂದ ಕಂಟಕ ತೊಲಗಲಿ ಎಂದು ಅಮೋಘವರ್ಷ ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದ ಎಂದು ಸಂಜಾನದ ತಾಮ್ರಪಟ ಹೇಳುತ್ತದೆ. 1368ರಲ್ಲಿ ಶ್ರವಣಬೆಳಗೊಳದ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ವಿಜಯನಗರದ ಬುಕ್ಕರಾಯ ಇಬ್ಬರ ಕೈಯನ್ನೂ ಹಿಡಿಸಿ ರಾಜಿ ಮಾಡಿಸಿದ ಶಾಸನ ಇಲ್ಲೇ ಇದೆ. 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಅದಕ್ಕೂ ಮೊದಲು 1925ರಲ್ಲಿ ಶ್ರವಣಬೆಳಗೊಳದಲ್ಲಿ ದೇಶದ ಜೈನರು ಸೇರಿದಾಗ ಅವರನ್ನು ಸ್ವಾಗತಿಸಿ ಮಾತನಾಡಿದವರೂ ಅವರೇ. ಎಲ್ಲರ ದೊರೆಯಾಗಿರುವುದು ದೊರೆಯ ಕೆಲಸ ಎಂಬುದು ಈ ನೆಲದ ಹಳೆಯ ನಿರೀಕ್ಷೆ.

ದೊರೆಯನ್ನು ಇಟ್ಟುಕೊಂಡೇ ಹಕ್ಕು ಕೇಳಿದವರು

ಮೈಸೂರಿನ ಪ್ರಜೆಗಳು ಮೌನವಾಗಿ ಭಕ್ತಿ ಮಾಡಿಕೊಂಡಿದ್ದರು ಎಂದು ಭಾವಿಸುವುದು ತಪ್ಪು. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಬಂತು, 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಸಲಹೆ ಕೇಳುವ ಸಭೆ ಸಾಲದು, ಜವಾಬ್ದಾರಿ ಸರ್ಕಾರ ಬೇಕು ಎಂಬ ಕೂಗು ಮೂವತ್ತರ ದಶಕದಲ್ಲಿ ಜೋರಾಯಿತು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ‘ರಾಜರ್ಷಿ’ಯ ಆಳ್ವಿಕೆಯಲ್ಲೇ ಇದು ನಡೆಯಿತು ಎಂಬುದನ್ನು ಮರೆಯಬಾರದು.

ಗಮನಿಸಬೇಕಾದ್ದು ಜನರ ಸಿಟ್ಟು ಹೋದ ದಿಕ್ಕು. ಅದು ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಕಡೆ, ಅಧಿಕಾರಿಗಳ ಕಡೆ ಹೋಯಿತು. ಮಹಾರಾಜರ ಕಡೆ ಹೋಗಲಿಲ್ಲ. ಮೈಸೂರು ಕಾಂಗ್ರೆಸ್ ಕೇಳಿದ್ದೂ ಮಹಾರಾಜರ ಛತ್ರಛಾಯೆಯಲ್ಲಿ ಜವಾಬ್ದಾರಿ ಸರ್ಕಾರವನ್ನೇ. ವಿದುರಾಶ್ವತ್ಥದ ನಂತರ ಆದ ಒಪ್ಪಂದದಂತೆ ಕಾಂಗ್ರೆಸ್ಸಿನ ತ್ರಿವರ್ಣವೂ ಗಂಡಭೇರುಂಡದ ಧ್ವಜವೂ ಒಟ್ಟಿಗೆ ಹಾರಬಹುದಾಯಿತು. ಎರಡು ಬಾವುಟಗಳನ್ನು ಒಟ್ಟಿಗೆ ಹಿಡಿದ ಆ ಜನರನ್ನು ಅರೆಮನಸ್ಸಿನವರು ಎಂದು ಕೆಲವರು ಹೇಳಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಒಳ್ಳೆಯದು ಮಾಡಿದವರಿಗೆ ಕೃತಜ್ಞತೆ ಸಲ್ಲಿಸಬೇಕು, ಆಳುವ ಹಕ್ಕು ಮಾತ್ರ ತಮ್ಮದಾಗಬೇಕು ಎಂದು ಅವರು ಎರಡನ್ನೂ ಬೇರೆ ಬೇರೆಯಾಗಿ ಕಂಡರು. ಆದರೆ ಆ ನಿಲುವಿಗೆ ಒಂದು ಬೆಲೆಯೂ ಇತ್ತು. ದೊರೆ ಒಳ್ಳೆಯವನು, ಅವನ ಸುತ್ತಲಿನವರು ಕೆಟ್ಟವರು ಎಂಬ ನಂಬಿಕೆ ಇರುವವರೆಗೂ ಸಿಂಹಾಸನ ಯಾವುದಕ್ಕೂ ಉತ್ತರ ಕೊಡಬೇಕಿಲ್ಲ.

ಆ ನಂಬಿಕೆ ಸಡಿಲಿದ್ದು 1947ರಲ್ಲಿ. ಆಗಿನ ದೊರೆ ಜಯಚಾಮರಾಜ ಒಡೆಯರು ಆಗಸ್ಟ್ 9ರಂದು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜವಾಬ್ದಾರಿ ಸರ್ಕಾರ ಕೂಡಲೇ ಬರಲಿಲ್ಲ. ‘ಮೈಸೂರು ಚಲೋ’ ಶುರುವಾಯಿತು. ಹಳ್ಳಿ ಹಳ್ಳಿಗಳಿಂದ ಜನ ಹೊರಟರು, ವಿದ್ಯಾರ್ಥಿಗಳು ಬೀದಿಗಿಳಿದರು, ಮೈಸೂರಿನಲ್ಲಿ ಗುಂಡು ಹಾರಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಇಂದು ಮೈಸೂರಿನಲ್ಲಿ ಕೃಷ್ಣರಾಜ ವೃತ್ತದ ನಡುವೆ ನಾಲ್ವಡಿಯವರ ಪ್ರತಿಮೆ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಆ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತವಿದೆ. ಒಂದೇ ಊರು ಇಬ್ಬರನ್ನೂ ಇಟ್ಟುಕೊಂಡಿದೆ. ಈ ವಿಷಯದಲ್ಲಿ ನಮ್ಮ ಜನರ ಮನಸ್ಸು ಹೇಗಿದೆ ಎಂದು ಕೇಳುವವರಿಗೆ ಆ ಎರಡು ವೃತ್ತಗಳನ್ನು ತೋರಿಸಬೇಕು.

ಜಯಚಾಮರಾಜರ ನಡೆಯೂ ಮೆಚ್ಚುವಂಥದ್ದೇ. 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ಏಕೀಕರಣವಾದಾಗ ಹೊಸ ರಾಜ್ಯದ ರಾಜ್ಯಪಾಲರಾದರು. ತಾತ ಮುತ್ತಾತಂದಿರು ಆಳಿದ ನೆಲದಲ್ಲಿ ಸಂವಿಧಾನದ ಪದವಿಯೊಂದನ್ನು ಅವಧಿ ಮುಗಿಯುವವರೆಗೆ ಹೊತ್ತು, ಆಮೇಲೆ ಅದನ್ನು ಇನ್ನೊಬ್ಬರಿಗೆ ಬಿಟ್ಟರು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನು ರದ್ದುಮಾಡಿದಾಗ ಹಾಸನದಲ್ಲಾಗಲಿ ಮೈಸೂರಿನಲ್ಲಾಗಲಿ ಜನ ದಂಗೆಯೇಳಲಿಲ್ಲ. ದೊರೆಯನ್ನು ಗೌರವಿಸುವುದೇ ಬೇರೆ, ದೊರೆತನಕ್ಕೆ ಖಜಾನೆಯಿಂದ ಹಣ ಕೊಡುವುದೇ ಬೇರೆ ಎಂದು ಅವರಿಗೆ ಆಗಲೇ ತಿಳಿದಿತ್ತು.

ಎರಡು ಕಟ್ಟೆಗಳು, ಎರಡು ನೆನಪುಗಳು

ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ಕೆಲಸ 1911ರಲ್ಲಿ ಶುರುವಾಯಿತು. ಹಳೆಯ ಕನ್ನಂಬಾಡಿ ಊರು ಮುಳುಗಿತು, ವೇಣುಗೋಪಾಲಸ್ವಾಮಿಯ ಗುಡಿ ಮುಳುಗಿತು. ಕಾವೇರಿಯ ಉಪನದಿಯಾದ ಹೇಮಾವತಿಗೆ ಗೊರೂರಿನಲ್ಲಿ ಕಟ್ಟೆ ಬಂದಾಗ ಶೆಟ್ಟಿಹಳ್ಳಿಯೂ ಸುತ್ತಲಿನ ಹಲವು ಊರುಗಳೂ ಎದ್ದುಹೋದವು, ಚರ್ಚು ನೀರಿನಲ್ಲಿ ಉಳಿಯಿತು. ಎರಡೂ ಕಡೆ ಕಳೆದುಕೊಂಡವರು ಬಡ ರೈತರು. ಎರಡೂ ಕಡೆ ಗದ್ದೆಗೆ ನೀರು ಬಂದದ್ದು ಬೇರೆ ಊರಿನವರಿಗೆ. ಹೇಮಾವತಿಯ ನೀರು ಹಾಸನದ ಜೊತೆಗೆ ಮಂಡ್ಯ, ತುಮಕೂರುಗಳ ಹೊಲಗಳನ್ನೂ ತಲುಪುತ್ತದೆ.

ಹೀಗಿದ್ದೂ ನೆನಪು ಒಂದೇ ಬಗೆಯದಲ್ಲ. ಕನ್ನಂಬಾಡಿ ಎಂದೊಡನೆ ಜನ ದೊರೆಯನ್ನು ನೆನೆಯುತ್ತಾರೆ. ಕಟ್ಟೆಗೆ ಹಣ ಸಾಲದಾದಾಗ ರಾಜಮಾತೆ ಒಡವೆ ಮಾರಿದರು ಎಂದು ಮಂಡ್ಯದ ಮನೆ ಮನೆಯಲ್ಲೂ ಹೇಳುತ್ತಾರೆ. ಅದರ ದಾಖಲೆ ಏನಿದೆ ಎಂಬ ಚರ್ಚೆ ವಿದ್ವಾಂಸರಿಗೆ ಇರಲಿ. ಜನ ಆ ಕಥೆಯನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂಬುದು ಮುಖ್ಯ. ನಮ್ಮದು ಮುಳುಗಿತು, ಅವರೂ ಏನೋ ಕೊಟ್ಟರು ಎಂಬ ಸಮಾಧಾನ ಅದರಲ್ಲಿದೆ. ಗೊರೂರಿನ ಕಟ್ಟೆಗೆ ಹಾಗೆ ನೆನೆಯುವ ಹೆಸರಿಲ್ಲ. ಇಲಾಖೆ, ನಿಗಮ, ಕಡತ, ಪರಿಹಾರದ ಅರ್ಜಿ ಇವೆ. ಊರು ಬಿಟ್ಟವರು ತಮ್ಮ ನೋವನ್ನು ಯಾರ ಮುಂದೆ ಹೇಳಿಕೊಳ್ಳಬೇಕು ಎಂಬುದೇ ಅಲ್ಲಿ ತಿಳಿಯುವುದಿಲ್ಲ.

ದೊರೆಯ ಮೇಲಿನ ಅಭಿಮಾನದ ದೊಡ್ಡ ಪಾಲು ಇಲ್ಲಿಂದ ಬರುತ್ತದೆ ಎಂದು ನನ್ನ ಗಟ್ಟಿ ನಂಬಿಕೆ. ಜನ ಹಳೆಯ ಆಳ್ವಿಕೆಯನ್ನು ಮರಳಿ ಬಯಸುತ್ತಿಲ್ಲ. ಅವರು ಬಯಸುವುದು ಹೊಣೆ ಹೊರುವ ಒಂದು ಮುಖವನ್ನು. ಐದು ವರ್ಷಕ್ಕೊಮ್ಮೆ ಬದಲಾಗುವ ಮಂತ್ರಿ, ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಅಧಿಕಾರಿ ಇಬ್ಬರೂ ‘ಅದು ನನ್ನ ಕಾಲದ್ದಲ್ಲ’ ಎನ್ನಬಲ್ಲರು. ದೊರೆ ಹಾಗೆನ್ನುವಂತಿರಲಿಲ್ಲ. ತಂದೆಯ ಸಾಲವೂ ಅವನದೇ, ಮಗನಿಗೆ ಉಳಿಯುವ ಕೆಟ್ಟ ಹೆಸರೂ ಅವನದೇ. ಈ ಮುಂದುವರಿಕೆ ವಂಶಪಾರಂಪರ್ಯದ ನಿಜವಾದ ಬಲ. ಅದನ್ನು ಅಲ್ಲಗಳೆಯದೆ, ಚುನಾಯಿತ ಸರ್ಕಾರದಲ್ಲಿ ಅದನ್ನು ಹೇಗೆ ತರಬೇಕು ಎಂದು ನಾವು ಯೋಚಿಸಬೇಕು. ಮುಳುಗಿದ ಊರಿನವರಿಗೆ ಕೊಟ್ಟ ಮಾತನ್ನು ಮುಂದಿನ ಸರ್ಕಾರವೂ ತನ್ನ ಮಾತೆಂದೇ ಎಣಿಸಿದರೆ ಪ್ರಜಾಪ್ರಭುತ್ವಕ್ಕೂ ಅಂಥ ಮುಖ ಬರುತ್ತದೆ.

ಮುಂದುವರಿಕೆಯ ಇನ್ನೊಂದು ಮಗ್ಗುಲನ್ನು ತಲಕಾಡಿನ ಅಲಮೇಲಮ್ಮನ ಕಥೆ ತೋರಿಸುತ್ತದೆ. ಒಡವೆಗಾಗಿ ತನ್ನನ್ನು ಅಟ್ಟಿಸಿಕೊಂಡು ಬಂದ ಮೈಸೂರಿನವರಿಗೆ ಮಕ್ಕಳಾಗದಿರಲಿ ಎಂದು ಆಕೆ ಶಪಿಸಿ ಹೊಳೆಗೆ ಹಾರಿದಳು ಎನ್ನುತ್ತಾರೆ. ನಾಲ್ಕು ನೂರು ವರ್ಷ ಕಳೆದರೂ ಜನ ಅದನ್ನು ಬಿಟ್ಟಿಲ್ಲ. 2017ರಲ್ಲಿ ಅರಮನೆಯವರಿಗೆ ಮಗು ಹುಟ್ಟಿದಾಗಲೂ ಪತ್ರಿಕೆಗಳು ಶಾಪದ ಮಾತನ್ನೇ ಎತ್ತಿದವು. ಕಥೆಯ ಸತ್ಯಾಸತ್ಯ ಏನೇ ಇರಲಿ, ಗೆದ್ದವರ ಚರಿತ್ರೆಯ ಪಕ್ಕದಲ್ಲಿ ಸೋತ ಒಬ್ಬ ಹೆಂಗಸಿನ ಮಾತನ್ನು ಜನ ಇಟ್ಟು ಕಾಯ್ದಿದ್ದಾರೆ. ಪದವಿಯನ್ನು ಪಡೆದವನು ಹಿಂದಿನವರು ಮಾಡಿದ ಅನ್ಯಾಯಕ್ಕೂ ವಾರಸುದಾರ ಎಂಬುದು ಅವರ ತೀರ್ಪು.

ಹಳ್ಳಿಯ ಕೊನೆಯ ಮನೆಯಿಂದ ನೋಡಿದರೆ

ವಂಶಪಾರಂಪರ್ಯದ ಹೊಣೆ ಎಂದಾಗ ನಾವು ಯಾವಾಗಲೂ ಅರಮನೆಯ ಕಡೆ ನೋಡುತ್ತೇವೆ. ಆದರೆ ಮೈಸೂರು ರಾಜ್ಯದ ಪ್ರತಿಯೊಂದು ಹಳ್ಳಿಯೂ ಅದೇ ನಿಯಮದ ಮೇಲೆ ನಡೆಯುತ್ತಿತ್ತು. ಪಟೇಲನ ಮಗ ಪಟೇಲ, ಶಾನುಭೋಗನ ಮಗ ಶಾನುಭೋಗ. ತಳವಾರ ಊರು ಕಾಯುತ್ತಿದ್ದ, ನೀರಗಂಟಿ ಕೆರೆಯ ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಬಿಡುತ್ತಿದ್ದ. ತೋಟಿ ತಮಟೆ ಬಡಿದು ಸರ್ಕಾರದ ಆಜ್ಞೆ ಸಾರಬೇಕು, ಕಾಗದಪತ್ರ ಹೊತ್ತು ನಡೆಯಬೇಕು, ಊರಿಗೆ ಬಂದ ಅಧಿಕಾರಿಯ ಚಾಕರಿ ಮಾಡಬೇಕು, ಸತ್ತ ದನ ಎಳೆಯಬೇಕು. ಇವರಿಗೆ ಇನಾಮು ಜಮೀನು ಇತ್ತು, ಸುಗ್ಗಿಯಲ್ಲಿ ಕಣದಿಂದ ಆಯ ಸಿಗುತ್ತಿತ್ತು.

ಸಿಂಹಾಸನಕ್ಕೂ ತೋಟಿಯ ಚಾಕರಿಗೂ ಕಾನೂನು ಒಂದೇ: ಹುಟ್ಟಿದ ಮನೆಯೇ ಕೆಲಸವನ್ನು ಗೊತ್ತುಮಾಡುತ್ತದೆ. ಆದರೆ ಒಂದನ್ನು ಧರ್ಮ ಎಂದೆವು, ಇನ್ನೊಂದನ್ನು ಕರ್ಮ ಎಂದು ಬಿಟ್ಟೆವು. ದೊರೆಯ ಮಗನಿಗೆ ಪಟ್ಟಕ್ಕೆ ಮೊದಲು ಗುರುಗಳು ಬಂದರು, ಇತಿಹಾಸ, ಸಂಗೀತ, ಕುದುರೆ ಸವಾರಿ ಕಲಿಸಿದರು. ತೋಟಿಯ ಮಗನಿಗೆ ಕಲಿಯುವುದೇ ನಿಷಿದ್ಧವಾಗಿತ್ತು. ಅವನಿಗೆ ಶಾಲೆಯ ಬಾಗಿಲು ತೆರೆಯಲು ಇಪ್ಪತ್ತನೆಯ ಶತಮಾನದ ಸರ್ಕಾರಿ ಆಜ್ಞೆ ಬೇಕಾಯಿತು, ಅದಕ್ಕೂ ಮೇಲ್ಜಾತಿಗಳಿಂದ ವಿರೋಧ ಬಂತು. ದೊರೆ ಬೇಸರವಾದರೆ ದಿವಾನನಿಗೆ ಬಿಟ್ಟು ವಿಶ್ರಾಂತಿಗೆ ಹೋಗಬಹುದು. ತೋಟಿ ಒಂದು ದಿನ ಬರುವುದಿಲ್ಲ ಎಂದರೆ ಊರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಈ ಎಲ್ಲ ವಂಶಪಾರಂಪರ್ಯದ ಹುದ್ದೆಗಳನ್ನು ಕಿತ್ತುಹಾಕಿತು. 1963ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಇನಾಮು ಜಮೀನನ್ನು ಆ ಕುಟುಂಬಗಳಿಗೇ ಮರುಮಂಜೂರು ಮಾಡಲು ಅವಕಾಶವಾಯಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ರಾಜಧನ ರದ್ದಾದ ಸುದ್ದಿ ದೇಶವೆಲ್ಲ ಚರ್ಚೆಯಾಯಿತು. ಹಳ್ಳಿಯ ಪಾಲಿಗೆ ಅದಕ್ಕಿಂತ ದೊಡ್ಡ ಬದಲಾವಣೆ ಈ ಕಾಯಿದೆಯೇ, ಆದರೂ ಅದನ್ನು ನೆನೆಯುವವರು ಕಡಿಮೆ. ವಂಶದ ಹೊಣೆಯನ್ನು ಹೊಗಳುವ ಪ್ರತಿಯೊಬ್ಬರೂ ತೋಟಿಯ ಮನೆಯ ಮೊಮ್ಮಗಳನ್ನು ಒಮ್ಮೆ ಕೇಳಬೇಕು. ಆ ಹೊಣೆ ಹೋದದ್ದರಿಂದ ಅವಳು ಓದಿ ಮೇಷ್ಟ್ರಾದಳೋ ನರ್ಸಾದಳೋ. ಅದು ಉಳಿದಿದ್ದರೆ ಇಂದಿಗೂ ತಮಟೆ ಹಿಡಿಯಬೇಕಿತ್ತು.

ಎಲ್ಲ ಪಾರಂಪರಿಕ ಹೊಣೆಯೂ ಇಂಥದಲ್ಲ. ಹಾಸನದಲ್ಲಿ ವರ್ಷಕ್ಕೊಮ್ಮೆ ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುವಾಗ ಅರಸು ಮನೆತನದವರು ಬಂದು ಬಾಳೆಯ ಕಂದು ಕಡಿಯುತ್ತಾರೆ. ಜಿಲ್ಲಾಧಿಕಾರಿ, ಮಂತ್ರಿ, ಶಾಸಕರು ಪಕ್ಕದಲ್ಲಿ ನಿಂತಿರುತ್ತಾರೆ. ಬಾಗಿಲು ತೆರೆಯುವುದು ಅದಾದ ಮೇಲೆಯೇ. ಯಾರ ಮೇಲೂ ಅಧಿಕಾರ ಕೊಡದ, ಯಾರ ಓದನ್ನೂ ಕಿತ್ತುಕೊಳ್ಳದ, ಬೇಡವಾದರೆ ಬಿಡಬಹುದಾದ ಹೊಣೆ ಅದು. ಆ ಮನೆತನದವರು ಅದನ್ನು ಶ್ರದ್ಧೆಯಿಂದ ಹೊತ್ತಿದ್ದಾರೆ, ಜನ ಅಷ್ಟೇ ಶ್ರದ್ಧೆಯಿಂದ ನೋಡುತ್ತಾರೆ. ಮೈಸೂರು ದಸರೆಯೂ ಈಗ ಅಲ್ಲಿಗೇ ಬಂದು ನಿಂತಿದೆ. ಅಂಬಾರಿಯಲ್ಲಿ ಕೂರುವುದು ಚಾಮುಂಡೇಶ್ವರಿ. ಒಡೆಯರ ಮನೆತನದ ದರ್ಬಾರು ಅರಮನೆಯೊಳಗೆ ಖಾಸಗಿಯಾಗಿ ನಡೆಯುತ್ತದೆ.

ಮತದ ಕಾಲದ ವಂಶಗಳು

ಜನರ ಅಭಿಮಾನವನ್ನು ಅಳೆಯಲು ಈಗ ಮತಪೆಟ್ಟಿಗೆ ಇದೆ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮೈಸೂರಿನಿಂದ 1984, 1989, 1996, 1999ರಲ್ಲಿ ಲೋಕಸಭೆಗೆ ಗೆದ್ದರು. 1991ರಲ್ಲಿ, 2004ರಲ್ಲಿ ಸೋತರು. 1991ರಲ್ಲಿ ಅವರನ್ನು ಸೋಲಿಸಿದವರು ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ ಮಗಳು ಚಂದ್ರಪ್ರಭಾ ಅರಸ್. 2013ರಲ್ಲಿ ಒಡೆಯರು ತೀರಿಕೊಂಡಾಗ ಸರ್ಕಾರಿ ಗೌರವದ ಅಂತ್ಯಕ್ರಿಯೆಯಾಯಿತು, ಜನ ಸಾಲುಗಟ್ಟಿ ನಿಂತರು. 2015ರಲ್ಲಿ ಪಟ್ಟವಾದ ದತ್ತುಪುತ್ರ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರು 2024ರಲ್ಲಿ ಮೈಸೂರು–ಕೊಡಗು ಕ್ಷೇತ್ರದಿಂದ ಗೆದ್ದರು. ಆರು ಸಲದಲ್ಲಿ ನಾಲ್ಕು ಸಲ ಗೆಲ್ಲಿಸಿ, ಎರಡು ಸಲ ಸೋಲಿಸಿ, ಸತ್ತಾಗ ಕಣ್ಣೀರು ಹಾಕಿದ ಅದೇ ಜನ ಮುಂದಿನವರಿಗೂ ಒಂದು ಅವಕಾಶ ಕೊಟ್ಟರು. ಇದನ್ನು ಕುರುಡು ಭಕ್ತಿ ಎನ್ನಲಾಗದು.

ಹಾಸನ ಕ್ಷೇತ್ರದಲ್ಲಿ ವಂಶ ಬೇರೆ ರೂಪ ತಾಳಿದೆ. ಹೊಳೆನರಸೀಪುರದಿಂದ ವಿಧಾನಸಭೆಗೆ 1962ರಲ್ಲಿ ಮೊದಲು ಗೆದ್ದ ರೈತನ ಮಗ ಎಚ್.ಡಿ. ದೇವೇಗೌಡರು ಪ್ರಧಾನಮಂತ್ರಿ ಪದವಿಯವರೆಗೆ ಹೋದರು. 1999ರ ಲೋಕಸಭಾ ಚುನಾವಣೆಯಲ್ಲಿ ಅವರನ್ನು ಜಿ. ಪುಟ್ಟಸ್ವಾಮಿಗೌಡರು ಸೋಲಿಸಿದರು. 2024ರಲ್ಲಿ ಪುಟ್ಟಸ್ವಾಮಿಗೌಡರ ಮೊಮ್ಮಗ ದೇವೇಗೌಡರ ಮೊಮ್ಮಗನನ್ನು ಸೋಲಿಸಿದರು. ಅರಮನೆ ಇಲ್ಲದ ಕಡೆಯೂ ಜನರ ಮುಂದೆ ಬಂದ ಆಯ್ಕೆ ಎರಡು ಮನೆತನಗಳ ನಡುವಿನದೇ ಆಯಿತು. ಇದು ನನ್ನಲ್ಲಿ ಆತಂಕ ಹುಟ್ಟಿಸುತ್ತದೆ. ಸೋಲಿಸುವ ಹಕ್ಕು ಜನರಿಗೆ ಇದೆ, ಅದನ್ನು ಅವರು ಧೈರ್ಯವಾಗಿ ಬಳಸಿದ್ದಾರೆ. ಆದರೆ ಸ್ಪರ್ಧಿಸುವ ಹಕ್ಕು ಮನೆತನವಿಲ್ಲದವರಿಗೆ ನಿಜಕ್ಕೂ ಸಿಗುತ್ತಿದೆಯೇ? ದೊರೆತನ ಹೋದಾಗ ಅದರ ಕಷ್ಟದ ಭಾಗವಾದ ಹಿಂದಿನವರ ತಪ್ಪಿಗೂ ಉತ್ತರಿಸುವ ಹೊಣೆ ಹೋಯಿತು. ಸುಖದ ಭಾಗವಾದ ಹೆಸರಿನ ಬಲ ಉಳಿಯಿತು.

ಮೈಸೂರಿನ ಚರಿತ್ರೆಯಲ್ಲಿ ರಕ್ತವೂ ಹೇಳಿಕೊಳ್ಳುವಷ್ಟು ನೇರವಾಗಿ ಹರಿದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಚಾಮರಾಜೇಂದ್ರರು ದತ್ತು. ನಾಲ್ವಡಿಯವರು ಅವರ ಮಗ, ಆದರೆ ಜಯಚಾಮರಾಜರು ನಾಲ್ವಡಿಯವರ ತಮ್ಮನ ಮಗ. ಯದುವೀರರು ದತ್ತು. ವಂಶ ಎಂಬುದು ಅಲ್ಲಿ ಹುಟ್ಟಿಗಿಂತ ಹೆಚ್ಚಾಗಿ ಆರಿಸಿ ಒಪ್ಪಿಸಿದ ಕೆಲಸ. ಆರಿಸಬಹುದಾದರೆ ಇನ್ನೂ ಅಗಲವಾಗಿ ಆರಿಸಬಹುದು. ಗಣರಾಜ್ಯ ಮಾಡಿದ್ದು ಅದನ್ನೇ.

ಬಿಟ್ಟುಕೊಟ್ಟ ದೊರೆಗಳು

ಇಷ್ಟು ಸುತ್ತಿ ಬಂದ ಮೇಲೆ, ಈ ಸೀಮೆ ತನ್ನ ಅತ್ಯಂತ ದೊಡ್ಡ ಗೌರವವನ್ನು ಯಾವ ದೊರೆಗೆ ಕೊಟ್ಟಿದೆ ಎಂದು ನೋಡಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ವಿಂಧ್ಯಗಿರಿಯ ಮೇಲೆ ಸುಮಾರು 981ರಿಂದ ನಿಂತಿರುವ ಬಾಹುಬಲಿ, ಅಣ್ಣನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯ ಬಿಟ್ಟವನು. ಎದುರಿನ ಚಂದ್ರಗಿರಿಗೆ ಮೌರ್ಯ ಚಂದ್ರಗುಪ್ತ ಸಿಂಹಾಸನ ತೊರೆದು ಬಂದ ಎಂಬುದು ಜೈನ ಪರಂಪರೆಯ ನಂಬಿಕೆ. ರಾಷ್ಟ್ರಕೂಟ ಪಟ್ಟಕ್ಕೆ ಕೊನೆಯ ಹಕ್ಕುದಾರನಾದ ನಾಲ್ಕನೆಯ ಇಂದ್ರ 982ರಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇದೇ ಬೆಳಗೊಳದಲ್ಲಿ. ದೀಪಾವಳಿಯ ಪಾಡ್ಯದ ದಿನ ರೈತರು ಬಾಗಿಲಲ್ಲಿ ಸಗಣಿಯ ಬಲೀಂದ್ರನನ್ನು ಇಟ್ಟು, ಹೂ ಮುಡಿಸಿ ಪೂಜಿಸುತ್ತಾರೆ. ಕೊಟ್ಟ ಮಾತಿಗಾಗಿ ಮೂರು ಲೋಕವನ್ನೂ ಬಿಟ್ಟುಕೊಟ್ಟ ದೊರೆ ಅವನು. ಸಾಮಾನ್ಯ ಜನ ವರ್ಷಕ್ಕೊಮ್ಮೆ ಮನೆಗೆ ಕರೆಯುವ ರಾಜನೆಂದರೆ ಅವನೊಬ್ಬನೇ.

ಜಗತ್ತಿನ ಅರಸೊತ್ತಿಗೆಗಳೂ ಈ ಪಾಠವನ್ನು ಕಲಿಯುತ್ತಿವೆ. ಇಪ್ಪತ್ತೊಂದನೆಯ ಹುಟ್ಟುಹಬ್ಬದಂದೇ ಬದುಕೆಲ್ಲ ಸೇವೆಗೆ ಮೀಸಲೆಂದು ಹೇಳಿದ ಎಲಿಜಬೆತ್ ರಾಣಿ 2022ರಲ್ಲಿ ಸಾಯುವವರೆಗೂ ಆ ಮಾತು ನಡೆಸಿದರು. ಅದನ್ನು ಮೆಚ್ಚಿದವರು ಕೋಟಿಗಟ್ಟಲೆ. ಹಾಗೆಯೇ ಆಕೆಯ ಕಿರೀಟದ ಹೆಸರಿನಲ್ಲಿ ವಸಾಹತುಗಳಲ್ಲಿ ಆದ ಅನ್ಯಾಯಕ್ಕೆ ಯಾರು ಉತ್ತರ ಕೊಡುತ್ತಾರೆ ಎಂದು ಕೇಳಿದವರೂ ಇದ್ದರು. ಇನ್ನೊಂದು ಕಡೆ ಜಪಾನಿನ ಚಕ್ರವರ್ತಿ ಅಕಿಹಿತೊ 2019ರಲ್ಲಿ, ಡೆನ್ಮಾರ್ಕಿನ ರಾಣಿ ಮಾರ್ಗರೆಟೆ 2024ರಲ್ಲಿ ಬದುಕಿರುವಾಗಲೇ ಪಟ್ಟ ಬಿಟ್ಟರು. ಮೈಯಲ್ಲಿ ಶಕ್ತಿ ಇಲ್ಲದಾಗ ಹೊಣೆಯನ್ನು ಒಪ್ಪಿಸಿ ಎದ್ದುಹೋಗುವುದೂ ಹೊಣೆಯ ಭಾಗ ಎಂದು ಅವರು ತೋರಿಸಿದರು. ಸಾಯುವವರೆಗೆ ಹೊತ್ತವರನ್ನೂ ಸಮಯ ಬಂದಾಗ ಇಳಿಸಿದವರನ್ನೂ ಜನ ಒಂದೇ ಪ್ರೀತಿಯಿಂದ ಕಂಡಿದ್ದಾರೆ, ಏಕೆಂದರೆ ಇಬ್ಬರೂ ಅದನ್ನು ತಮ್ಮ ಸುಖಕ್ಕೆ ಬಳಸಲಿಲ್ಲ ಎಂಬ ನಂಬಿಕೆ ಅವರಿಗಿದೆ.

ಹಾಗಾಗಿ ದೊರೆಗಳನ್ನು ನೆನೆಯುವುದರಲ್ಲಿ ತಪ್ಪಿಲ್ಲ. ನಾಲ್ವಡಿಯವರ ಪಟ ಗೋಡೆಯ ಮೇಲಿರಲಿ. ಅವರು ಕಟ್ಟಿದ ಶಾಲೆಯಲ್ಲಿ ಓದಿದವರ, ಅವರು ತಂದ ನೀರು ಉಂಡವರ ಕೃತಜ್ಞತೆ ಅದು. ಆದರೆ ಅದೇ ಗೋಡೆಯ ಮೇಲೆ ವಿದುರಾಶ್ವತ್ಥದಲ್ಲಿ ಸತ್ತವರಿಗೂ ಜಾಗ ಇರಬೇಕು. ಹುಟ್ಟಿನಿಂದ ಬಂದ ಹೊಣೆಯನ್ನು ಯಾರಾದರೂ ಹೊಗಳಿದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬೇಡ ಎನ್ನುವ ಸ್ವಾತಂತ್ರ್ಯ ಅವನಿಗಿತ್ತೇ, ಬೇಡ ಎನ್ನುವ ಸ್ವಾತಂತ್ರ್ಯ ಜನರಿಗಿತ್ತೇ? ಎರಡೂ ಇದ್ದು ಹೊತ್ತಿದ್ದರೆ ಅದು ಸೇವೆ, ಅದಕ್ಕೆ ಮರ್ಯಾದೆ ಸಲ್ಲಬೇಕು. ಇಲ್ಲದಿದ್ದರೆ ಸಿಂಹಾಸನದ ಮೇಲೆ ಅದು ಸವಲತ್ತು, ತೋಟಿಯ ಮನೆಯಲ್ಲಿ ಅದು ಜೀತ. ಮನೆತನದ ಹೆಸರು ಹಿಡಿದು ನಾಳೆ ಮತ ಕೇಳಲು ಬರುವವರನ್ನೂ ಇದೇ ಪ್ರಶ್ನೆಯಿಂದ ಅಳೆಯುವುದು ಈಗ ಆಳುವ ಹಕ್ಕು ಪಡೆದಿರುವ ನಮ್ಮ ಹೊಣೆ.